ಅರಗಿನ ಮೇಲಿನ ಹೆಬ್ಬೆಟ್ಟು

ದೇವಿದಾಸನಿಗೆ ಸಹಿ ಹಾಕಲು ಬರುತ್ತದೆ. ಅದೂ ಅಂಥಿಂಥ ಸಹಿಯಲ್ಲ, ಬ್ಯಾಂಕಿನ ಗುಮಾಸ್ತರು ಕನ್ನಡಕ ಸರಿಸಿ ಇನ್ನೊಮ್ಮೆ ನೋಡುವಂಥ, ಕೊನೆಯಲ್ಲಿ ಬಾಲ ಸುತ್ತಿದ ಸಹಿ. ಆದರೂ ಅರವತ್ತೊಂದು ವರ್ಷದ ಈ ಮನುಷ್ಯ ಬಸವಕಲ್ಯಾಣ, ಹುಮನಾಬಾದ ಎರಡೂ ಕಡೆ ಹೆಸರಾದದ್ದು ಸಹಿಯಿಂದಲ್ಲ, ಹೆಬ್ಬೆಟ್ಟಿನಿಂದ.

ಹೆದ್ದಾರಿಯಿಂದ ಕಲ್ಯಾಣಕ್ಕೆ ಹೊರಳುವ ಬಂಗ್ಲಾ ಕ್ರಾಸಿನಲ್ಲಿ ಅವನ ತಗಡಿನ ಶೆಡ್ಡು. ಸುತ್ತಲೂ ಲಾರಿಗೆ ಮೈ ಕಟ್ಟುವವರು, ಸ್ಪ್ರಿಂಗಿನ ಪಾಟಾ ಬಡಿಯುವವರು, ಬಣ್ಣ ಹೊಡೆಯುವವರು. ಇವರ ನಡುವೆ ದೇವಿದಾಸನದು ಬೇರೆಯೇ ಕಸುಬು. ಕಾರ್ಬೊರೇಟರ್ ಇರುವ ಹಳೆಯ ಪೆಟ್ರೋಲ್ ಗಾಡಿ ಮಾತ್ರ ಅವನಿಗೆ ಗಾಡಿ. ಅಪ್ಪನ ಕಾಲದ ಫಿಯಟ್ಟು, ಸಾಹುಕಾರರ ಮನೆಯ ಅಂಬಾಸಡರು, ಸೈನ್ಯದ ಹರಾಜಿನಲ್ಲಿ ಬಂದ ಜೀಪು. ಕಂಪ್ಯೂಟರ್ ಹಚ್ಚಿ ರೋಗ ಕೇಳುವ ಹೊಸ ಕಾರುಗಳನ್ನು ಅವನು ಮುಟ್ಟುವುದಿಲ್ಲ. ಅವುಗಳ ಮಾಲೀಕರೂ ಮುಟ್ಟಿಸುವುದಿಲ್ಲ, ಹೀಗಾಗಿ ಜಗಳವೇನೂ ಇಲ್ಲ.

ಪೆಟ್ರೋಲೆಂಬುದು ನೀರಿಗಿಂತ ಕಳ್ಳ. ನೀರು ನುಗ್ಗದ ಸಂದಿಯಲ್ಲೂ ನುಗ್ಗಿ ಹೊರಗೆ ಬರುತ್ತದೆ. ಐವತ್ತು ಅರವತ್ತು ವರ್ಷದ ಗಾಡಿಯಲ್ಲಿ ನಟ್ಟು ಸವೆದಿರುತ್ತದೆ, ಜೋಡಣೆ ಸಡಿಲಾಗಿರುತ್ತದೆ, ಎಷ್ಟು ಬಿಗಿದರೂ ಒಂದು ಹನಿ ತೂಗಾಡುತ್ತಲೇ ಇರುತ್ತದೆ. ಇದಕ್ಕೆ ದೇವಿದಾಸನ ಹತ್ತಿರ ಒಂದು ಔಷಧವಿತ್ತು: ಅರಗು. ಹುಮನಾಬಾದಿನಲ್ಲಿ ಅರಗಿನ ಬಳೆ ಮಾಡುವ ಸರ್ದಾರಬಿಯ ಹತ್ತಿರ ಒಳ್ಳೆಯ ಅರಗಿನ ಚಕ್ಕೆ ತರುವುದು, ಬಡಿಗೇರರು ಪಾಲಿಶ್ ಮಾಡಲು ನೆನೆಸುವಂತೆ ಅದನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಒಂದು ದಿನ ನೆನೆಸುವುದು. ಚಕ್ಕೆ ಕರಗಿ ಜೇನಿನ ಬಣ್ಣದ ಪಾಕವಾದ ಮೇಲೆ ಸಂದಿಗೆ ಸವರಿ ನಟ್ಟು ಬಿಗಿಯುವುದು. ಸ್ಪಿರಿಟ್ಟು ಹಾರಿಹೋದರೆ ಅರಗು ಕಲ್ಲಾಗುತ್ತದೆ, ಆ ಮೇಲೆ ಪೆಟ್ರೋಲು ತಲೆ ಚಚ್ಚಿಕೊಂಡರೂ ದಾರಿ ಸಿಗುವುದಿಲ್ಲ. ಕೊನೆಗೆ, ಪೆಟ್ರೋಲ್ ನಳಿಗೆ ಕಾರ್ಬೊರೇಟರಿಗೆ ಸೇರುವ ನಟ್ಟಿನ ಮೇಲೆ ಬಿಸಿ ಅರಗಿನ ಒಂದು ತೊಟ್ಟು ಬಿಟ್ಟು, ಅದು ಆರುವ ಮೊದಲು ತನ್ನ ಬಲಗೈ ಹೆಬ್ಬೆಟ್ಟು ಒತ್ತುತ್ತಿದ್ದ. ಅಷ್ಟೇ ಅವನ ಗ್ಯಾರಂಟಿ. ಹೆಬ್ಬೆಟ್ಟು ಇರುವತನಕ ಗಾಡಿಯ ಜವಾಬ್ದಾರಿ ಅವನದು.

ಈ ವಿದ್ಯೆ ಕಲಿಸಿದವರು ಹುಮನಾಬಾದಿನ ಉಸ್ತಾದ್ ಅಬ್ದುಲ್ ರಜಾಕ್. ಹದಿಮೂರನೆಯ ವಯಸ್ಸಿಗೆ ದುಬಲಗುಂಡಿಯಿಂದ ಬರಿಗಾಲಲ್ಲಿ ನಡೆದು ಬಂದು ಅವರ ಗ್ಯಾರೇಜಿನ ಮುಂದೆ ನಿಂತಿದ್ದ. ಊರಿನ ಚಹಾದಂಗಡಿಯಲ್ಲಿ ಅವನ ಕೇರಿಯವರಿಗೆ ಬೇರೆ ಗ್ಲಾಸು. ಉಸ್ತಾದರ ಮನೆಯಲ್ಲಿ ಮಾತ್ರ ಬೇಗಮ್ಮು ಕುಲ್ಸುಮ್ ಬೀ ಮೊದಲ ದಿನವೇ ಎಲ್ಲರ ತಾಟಿನ ಜೊತೆ ಅವನಿಗೂ ಒಂದು ತಾಟು ಇಟ್ಟಿದ್ದರು. ಆ ತಾಟನ್ನು ದೇವಿದಾಸ ಇವತ್ತಿಗೂ ಮರೆತಿಲ್ಲ.

ಹೆಬ್ಬೆಟ್ಟಿನ ವಿಷಯದಲ್ಲಿ ಅವನಿಗೆ ಒಂದು ಹಳೆಯ ಗಾಯವಿತ್ತು. ಅವನಪ್ಪ ಕೂಲಿಯವ, ಅಕ್ಷರ ಬಾರದವ. ಗೌಡರು ಕರೆದು ಕಾಗದ ಚಾಚಿದರೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಹಾಗೆ ಒತ್ತಿದ ಒಂದು ಕಾಗದದಲ್ಲಿ, ಬಾಂದಗಲ್ಲು ಇಂಥ ಜಾಗದಲ್ಲೇ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದಿತ್ತು. ಆ ಒಂದು ಗುರುತಿನಿಂದ ಪಕ್ಕದ ಮನೆಯವನ ಹೊಲದಲ್ಲಿ ಆರು ಸಾಲು ಹೋಯಿತು. ಅಪ್ಪ ಸಾಯುವತನಕ ಆ ಪಕ್ಕದ ಮನೆಯವನ ಮುಖ ನೋಡಲಿಲ್ಲ, ನನ್ನದು ತಪ್ಪಾಯಿತು ಎಂದು ಹೇಳಲೂ ಇಲ್ಲ. ಮಗನಿಗೆ ಮಾತ್ರ ಹೇಳಿದ, "ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಬ್ಯಾಡ, ದೇವಾ. ಸಹಿ ಕಲಿ."

ಮಗ ಸಹಿ ಕಲಿತ. ಈ ಕತೆ ಕೇಳಿದ ಉಸ್ತಾದರು ನಕ್ಕು, "ಕಾಗದಕ್ಕ ಬ್ಯಾಡ ಬಿಡು. ಅರಗಿಗಿ ಒತ್ತು. ಒತ್ತಿದ ಮ್ಯಾಲ ಗಾಡಿ ಎಲ್ಲಿ ಕೆಟ್ಟು ನಿಂತರೂ ನಿನ್ನ ಹೆಸರು ಹೇಳೇ ನಿಲ್ಲತದ, ಮಾಲೂಮ ಇರಲಿ" ಎಂದಿದ್ದರು. ಉಸ್ತಾದರ ಹೆಬ್ಬೆಟ್ಟಿನಲ್ಲಿ ಅಡ್ಡ ಒಂದು ಗೀರು, ಎಂಜಿನ್ನಿನ ಪಂಖದ ಪಟ್ಟಿಗೆ ಸಿಕ್ಕು ಆದದ್ದು. ಅವರು ತೀರಿಕೊಂಡು ಒಂಬತ್ತು ವರ್ಷ.

ನಾಲ್ಕು ದಶಕ ದೇವಿದಾಸನ ಹೆಬ್ಬೆಟ್ಟು ಸುಳ್ಳಾಗಲಿಲ್ಲ. ಅಷ್ಟು ಕಾಲ ಸುಳ್ಳಾಗದಿದ್ದರೆ ಯಾರಿಗಾದರೂ ಜಂಬ ಬರುತ್ತದೆ. ಇವನಿಗೂ ಬಂದಿತ್ತು.

ಆಮೇಲೆ ಪೆಟ್ರೋಲು ಬದಲಾಯಿತು. ಮೊದಲು ನೂರರಲ್ಲಿ ಹತ್ತು ಪಾಲು ಬೆರಕೆ ಎಂದರು, ಎರಡು ಮೂರು ವರ್ಷದಲ್ಲಿ ಇಪ್ಪತ್ತು ಪಾಲು ಎಂದರು. ಪಂಪಿನಲ್ಲಿ ಒಂದು ಸಣ್ಣ ಚೀಟಿ ಅಂಟಿಸಿದ್ದು ಬಿಟ್ಟರೆ ಯಾರೂ ಡಂಗುರ ಹೊಡೆಯಲಿಲ್ಲ. ಕಬ್ಬಿನಿಂದ ತೆಗೆದ ಎಥನಾಲ್ ಬೆರೆಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ದ್ರೌಪತಿಯ ತಮ್ಮನೇ ಹುಡಗಿ ಎಂಬ ಊರಿನ ಹತ್ತಿರ ಒಂದೆಕರೆ ಕಬ್ಬು ಹಾಕಿದವನು. ಕಬ್ಬು ಹೋಗಲಿ, ಬೆಲೆ ಬರಲಿ ಎಂದು ದೇವಿದಾಸನೂ ಬಾಯಿ ತುಂಬ ಹಾರೈಸಿದ್ದ. ಆದರೆ ಶೆಡ್ಡಿಗೆ ಬರುವ ಗಾಡಿಗಳ ಹೊಟ್ಟೆಯೊಳಗೆ ಏನೋ ನಡೆದಿತ್ತು. ರಬ್ಬರಿನ ನಳಿಗೆಗಳು ಉಬ್ಬಿ ಮೆತ್ತಗಾಗುತ್ತಿದ್ದವು. ಗಾಡಿಯ ಪಂಪಿನೊಳಗಿನ ಪೊರೆ ಹರಿಯುತ್ತಿತ್ತು. ಟಾಕಿಯ ತಳದಲ್ಲಿ ನೀರು, ನೀರಿನ ಕೆಳಗೆ ತುಕ್ಕು.

"ರಬ್ಬರ್ ಕೆಟ್ಟರೂ ನನ್ನ ಅರಗು ಕೆಡಂಗಿಲ್ಲ ಬಿಡ್ರಿ" ಎನ್ನುತ್ತಿದ್ದ ದೇವಿದಾಸ. ಹನಿಯುವ ಗಾಡಿಗೆ ಒಂದು ಸಾರಿ ಸವರುವಲ್ಲಿ ಎರಡು ಸಾರಿ ಅರಗು ಸವರಿದ. ಈ ಸರಣಿಯಲ್ಲೇ ಒಂದು, ಹುಮನಾಬಾದಿನ ಅರಿವೆ ಅಂಗಡಿ ಓಂಪ್ರಕಾಶನ ಬಿಳಿ ಫಿಯಟ್ಟು.

ಈ ವರ್ಷದ ಮೇ ತಿಂಗಳು, ಉರಿ ಬಿಸಿಲು. ಓಂಪ್ರಕಾಶ ಹುಡಗಿ ದಾಟಿ ಬರುವಾಗ ಬಾನೆಟ್ಟಿನಿಂದ ಹೊಗೆ ಎದ್ದಿತು. ಗಾಡಿ ನಿಲ್ಲಿಸಿ, ಪಾಪ, ಬಾನೆಟ್ಟು ಎತ್ತಿದ. ಗಾಳಿ ಸಿಕ್ಕಿದ್ದೇ ತಡ ಬೆಂಕಿ ಭುಗಿಲೆಂದು ಅವನ ಬಲಗೈ ಹಿಡಿಯಿತು. ಜೀವ ಉಳಿಯಿತು. ಕೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡು ಮಾದವು. ಮೂವತ್ತು ವರ್ಷ ಒಂದೇ ಎಳೆತಕ್ಕೆ ಸೀರೆಯುದ್ದ ಕತ್ತರಿಸಿ ಕೊಡುತ್ತಿದ್ದ ಕೈ ಅದು. ಈಗ ಕತ್ತರಿಯ ಕಿವಿಯೊಳಗೆ ಬೆರಳು ಹೋಗುವುದಿಲ್ಲ.

ಸುಟ್ಟ ಗಾಡಿಯನ್ನು ಎಳೆದು ತಂದು ಬಂಗ್ಲಾದಲ್ಲಿ ನಿಲ್ಲಿಸಿದರು. ಪೊಲೀಸರು ಪಂಚನಾಮೆಗೆ ಬಂದರು. ಹಳೆ ಗಾಡಿಯ ವಿಷಯದಲ್ಲಿ ಯಾರನ್ನು ಕೇಳುವುದು? ದೇವಿದಾಸನನ್ನೇ. ಅವನು ತಲೆ ಬಗ್ಗಿಸಿ ನೋಡಿದ. ತಂತಿಗಳೆಲ್ಲ ಸಿಪ್ಪೆ ಸುಟ್ಟು ಬೆತ್ತಲಾಗಿದ್ದವು. ಹೆಬ್ಬೆಟ್ಟಿನ ಅರಗು ಇರಲಿಲ್ಲ, ಬೆಂಕಿಗೆ ಅರಗು ಉಳಿಯುವುದೂ ಇಲ್ಲ. ಪಂಪಿನ ಹಿಂಬದಿ, ಬೆಂಕಿ ತಾಗದ ಒಂದು ಮೂಲೆಯಲ್ಲಿ, ಕಂದು ಬಣ್ಣದ ಅಂಟು ಇಳಿದಿತ್ತು. ಸುಟ್ಟದ್ದಲ್ಲ, ಹಸಿಯಾಗಿಯೇ ಇತ್ತು. ದೇವಿದಾಸ ರೂಢಿಯಂತೆ ವೇಸ್ಟ್ ಹತ್ತಿ ತೆಗೆದುಕೊಂಡು ಅದನ್ನು ಒರೆಸಿಬಿಟ್ಟ. ಮೆಕ್ಯಾನಿಕ್ಕಿನ ಕೈ ಹೊಲಸು ಕಂಡರೆ ಒರೆಸುತ್ತದೆ, ಅದು ಮನಸ್ಸನ್ನು ಕೇಳುವುದಿಲ್ಲ.

"ಏನಾಗಿರಬೇಕು?" ಎಂದರು ಜಮಾದಾರರು.

"ವೈರಿಂಗ್ ರಿ" ಎಂದ ದೇವಿದಾಸ.

ಒಂದೇ ಮಾತು. ಮುಂದೆ ಚಹಾದಂಗಡಿಯಲ್ಲಿ ಕುಳಿತವರು ಕೇಳಿದಾಗಲೂ ಅದನ್ನೇ ಹೇಳಿದ. ಜಮಾದಾರರು ಬರೆದುಕೊಂಡರು, ಇವನು ಬಾಲ ಸುತ್ತಿದ ಸಹಿ ಹಾಕಿದ.

ಆ ಗಾಡಿಯ ವೈರಿಂಗ್ ಎರಡು ತಿಂಗಳ ಹಿಂದೆ ಮಾಡಿದವನು ಅಂಬರೀಷ. ದೇವಿದಾಸನ ಶೆಡ್ಡಿಗೆ ಅಂಟಿದ ಶೆಡ್ಡು ಅವನದು, ನಡುವೆ ಒಂದು ತಗಡು ಮಾತ್ರ. ಮೂವತ್ತೈದರ ಗಂಡಾಳು, ಇಬ್ಬರು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ, ಒಂದೊಂದು ತಂತಿಗೂ ಬಣ್ಣದ ಪಟ್ಟಿ ಸುತ್ತುವ ಅಚ್ಚುಕಟ್ಟಿನವನು. ಬೆಂಕಿಯ ಮರುದಿನ ಅವನು ಬಂದು, "ಕಾಕಾ, ಖರೇನೇ ವೈರಿಂಗ್ ಏನು? ನಾ ಫ್ಯೂಜ್ ಹಾಕಿದ್ನಲ್ಲ" ಎಂದು ಕೇಳಿದ್ದ. "ನೋಡಿದ್ದು ಹೇಳ್ದೆ, ತಮ್ಮಾ. ಒಂದೊಂದು ಸಾರಿ ಎಂಥವರ ಕೈನೂ ತಪ್ಪತದ" ಎಂದು ದೊಡ್ಡ ಮನಸ್ಸಿನಿಂದ ಸಮಾಧಾನ ಹೇಳಿ ಕಳಿಸಿದ್ದ ದೇವಿದಾಸ. ಆ ದೊಡ್ಡ ಮನಸ್ಸನ್ನು ನೆನೆದರೆ ಅವನಿಗೆ ಈಗ ಮೈ ಉರಿಯುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಂಗ್ಲಾದಲ್ಲಿ ಒಡೆದ ಈ ಮುತ್ತು ಹುಲಸೂರಿಗೂ ಹುಮನಾಬಾದಿಗೂ ಉರುಳಿತು. ಅಂಬರೀಷನ ಕಡೆ ಗಾಡಿ ಬಿಡಬ್ಯಾಡ್ರಿ, ಸುಡತದ. ಲಾರಿಯವರು ಮೊದಲು ಬಿಟ್ಟರು, ಟ್ರ್ಯಾಕ್ಟರಿನವರು ಆಮೇಲೆ. ಜುಲೈ ಹೊತ್ತಿಗೆ ಅವನು ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಹಾದುಹೋಗುವ ಗಾಡಿಗಳನ್ನು ನೋಡುತ್ತ ಕೂಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಕುಲ್ಸುಮ್ ಬೀ ಹೇಳಿ ಕಳಿಸಿದರು. ಮೊಮ್ಮಗ ಬಂದೇನವಾಜನ ಮದುವೆ ಗೊತ್ತಾಗಿತ್ತು, ಮದುಮಗ ಅಜ್ಜನ ಫಿಯಟ್ಟಿನಲ್ಲೇ ಹೋಗಬೇಕೆಂದು ಮುದುಕಿಯ ಹಟ. ಉಸ್ತಾದರು ತೀರಿಕೊಂಡ ವರ್ಷ ದೇವಿದಾಸನೇ ಟಾಕಿಯ ಪೆಟ್ರೋಲು ಪೂರಾ ಬಸಿದು, ಗಾಡಿ ತೊಳೆದು, ತಾಡಪಾಲು ಹೊದಿಸಿ ಅಂಗಳದಲ್ಲಿ ನಿಲ್ಲಿಸಿದ್ದ. ಒಂಬತ್ತು ವರ್ಷ ಅದಕ್ಕೆ ಒಂದು ಹನಿ ಪೆಟ್ರೋಲು ತಾಗಿರಲಿಲ್ಲ. ಬಂದೇನವಾಜ ಉಮೇದಿನಲ್ಲಿ ಮೂರು ದಿನ ಮೊದಲೇ ಹತ್ತು ಲೀಟರ್ ಹೊಯ್ದು, ಕೈ ಪಂಪು ಒತ್ತಿ ಕಾರ್ಬೊರೇಟರಿನ ತನಕ ಏರಿಸಿ ಬಿಟ್ಟಿದ್ದ.

ದೇವಿದಾಸ ಬಾನೆಟ್ಟು ಎತ್ತಿದ. ಮೊದಲು ಕಣ್ಣು ಹೋದದ್ದು ಆ ನಟ್ಟಿನ ಕಡೆ. ಅಲ್ಲಿ ಉಸ್ತಾದರ ಹೆಬ್ಬೆಟ್ಟು ಇರಬೇಕು, ಅಡ್ಡ ಗೀರಿನ ಸಮೇತ. ಗಾಡಿ ನಿಲ್ಲಿಸಿದ ದಿನ ಅದನ್ನು ನೋಡಿ ಅವನು ಅತ್ತಿದ್ದ. ಈಗ ಅಲ್ಲಿ ಗೀರಿಲ್ಲ, ಗೆರೆಯಿಲ್ಲ. ಅರಗು ಮೇಣದಂತೆ ಜಾರಿ ಒಂದು ಕಡೆ ಇಳಿದಿತ್ತು. ಬೆರಳು ತಾಗಿಸಿದರೆ ನೂಲಿನಂತೆ ಎಳೆದುಕೊಂಡು ಬಂತು. ಕೆಳಗೆ ಫರಸಿಯ ಮೇಲೆ ಕಂದು ಬಣ್ಣದ ಎರಡು ಹನಿ.

ಬೆರಳನ್ನು ಮೂಗಿಗೆ ಹಿಡಿದ. ಪೆಟ್ರೋಲಿನ ವಾಸನೆಯ ಹಿಂದೆ ಇನ್ನೊಂದು ವಾಸನೆ. ಅದು ಅವನಿಗೆ ಗೊತ್ತಿರುವ ವಾಸನೆ, ಹೆಂಡತಿಯ ಸೀರೆಯ ವಾಸನೆಯಷ್ಟು ಗೊತ್ತಿರುವ ವಾಸನೆ. ಶೆಡ್ಡಿನ ಹಲಗೆಯ ಮೇಲಿಟ್ಟ ಅವನದೇ ಸೀಸೆಯದು. ಸ್ಪಿರಿಟ್ಟು.

ದೇವಿದಾಸ ಅಲ್ಲೇ ಗಾಡಿಯ ಪಕ್ಕ ನೆಲಕ್ಕೆ ಕುಳಿತ. ನಾಲ್ಕು ದಶಕ ತನ್ನ ಕೈಯಿಂದಲೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದವನು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾನು. ಕಬ್ಬಿನಿಂದ ಬರುವುದೂ ಅದೇ ಸ್ಪಿರಿಟ್ಟು ಎಂದೂ ಗೊತ್ತು. ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆಂದೂ ಗೊತ್ತು. ಮೂರೂ ಗೊತ್ತಿದ್ದೂ ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ಬೇರೆಯವರ ಗಾಡಿಯ ರೋಗವನ್ನು ಶಬ್ದದಿಂದಲೇ ಹೇಳುತ್ತಿದ್ದ ಜಾಣ. ದೀಪದ ಬುಡದಲ್ಲಿ ಕತ್ತಲೆ ಎಂದು ಇದಕ್ಕೇ ಹೇಳುವುದು.

ಆಮೇಲೆ ಆ ವೇಸ್ಟ್ ಹತ್ತಿ ನೆನಪಾಯಿತು. ಓಂಪ್ರಕಾಶನ ಗಾಡಿಯಲ್ಲಿ, ಪಂಪಿನ ಹಿಂದಿನ ಆ ಹಸಿ ಅಂಟು. ಅವನು ಗಾಡಿಯ ಚಕ್ರ ಹಿಡಿದುಕೊಂಡ.

"ಏನಾತು ಬೇಟಾ?" ಕುಲ್ಸುಮ್ ಬೀ ಕೋಲೂರಿಕೊಂಡು ಬಂದರು.

"ಅರಗು ಕರಗ್ಯಾದ, ಅಮ್ಮಾ."

"ಅವರು ಹಚ್ಚಿದ್ದು ಕರಗಂಗಿಲ್ಲ."

"ಅವರ ಕಾಲದ ಪೆಟ್ರೋಲಿಗಿ ಕರಗ್ತಿದ್ದಿಲ್ಲ. ಈಗಿನದಕ್ಕ ಕರಗತದ. ಉಸ್ತಾದರದು ತಪ್ಪಲ್ಲ."

ಮುದುಕಿ ಬಗ್ಗಿ ನಟ್ಟನ್ನು ನೋಡಿದರು. ಗಂಡನ ಗುರುತು ಅಲ್ಲಿದೆ ಎಂದು ಅವರಿಗೂ ಗೊತ್ತಿತ್ತು. ಬೆರಳು ಚಾಚಿ ಮುಟ್ಟಿದರು, ಬೆರಳಿಗೆ ಅಂಟಿದ ಅರಗನ್ನು ಬಹಳ ಹೊತ್ತು ನೋಡಿದರು. "ಹಂಗಾದರ ಯಾರದು ತಪ್ಪು?" ಎಂದರು.

ದೇವಿದಾಸ ಎದ್ದು ನಟ್ಟು ಬಿಚ್ಚತೊಡಗಿದ. ಸಂಜೆಯ ತನಕ ಕುಳಿತು ಅರಗನ್ನೆಲ್ಲ ಕೆರೆದು, ಪೇಟೆಯಿಂದ ಹೊಸ ರಬ್ಬರಿನ ವಾಶರು, ಹೊಸ ನಳಿಗೆ ತಂದು ಕೂಡಿಸಿದ. ಗಾಡಿ ಶುರುವಾಯಿತು. "ಈಗ ನಿನ್ನ ಹೆಬ್ಬೆಟ್ಟು ಒತ್ತು" ಎಂದರು ಮುದುಕಿ. "ಬ್ಯಾಡಮ್ಮ, ಇದರ ಮ್ಯಾಲ ಮೂಡಂಗಿಲ್ಲ" ಎಂದು ಅವನು ಸಾಮಾನು ಕಟ್ಟಿದ.

ಮರುದಿನದಿಂದ ದೇವಿದಾಸ ಮೊಪೆಡ್ಡಿನ ಮೇಲೆ ಊರೂರು ತಿರುಗಿದ. ತನ್ನ ಹೆಬ್ಬೆಟ್ಟಿನ ಗಾಡಿಗಳು ಇನ್ನೂ ಒಂಬತ್ತು ಇದ್ದವು, ಎಲ್ಲವೂ ಅವನಿಗೆ ಬಾಯಿಪಾಠ. ಹುಲಸೂರಿನ ಜೀಪು, ಹುಡಗಿಯ ಅಂಬಾಸಡರು, ಕಲ್ಯಾಣದ ನಾಲ್ಕು ಫಿಯಟ್ಟು, ಹೀಗೆ. "ಹೊಸ ಪೆಟ್ರೋಲಿಗಿ ರಬ್ಬರ್ ಬದಲಿ ಮಾಡಬೇಕ್ರಿ, ಫುಕಟ ಮಾಡಿ ಕೊಡ್ತೀನಿ" ಎಂದು ಹೇಳಿ ಬಾನೆಟ್ಟಿನೊಳಗೆ ತಲೆ ಹಾಕುವುದು, ಅರಗು ಕೆರೆಯುವುದು. ಐದು ಗಾಡಿಗಳಲ್ಲಿ ಅರಗು ಮೆತ್ತಗಾಗಿತ್ತು. ಹುಡಗಿಯ ಅಂಬಾಸಡರಿನಲ್ಲಿ ಹನಿ ಬಿಸಿ ಕೊಳವೆಯ ಮೇಲೆಯೇ ಬೀಳುತ್ತಿತ್ತು. ಅದನ್ನು ಕಂಡ ದಿನ ಅವನಿಗೆ ಅನ್ನ ಸೇರಲಿಲ್ಲ.

ಅರಗು ಎಂಬ ಮಾತನ್ನು ಮಾತ್ರ ಅವನು ಎಲ್ಲೂ ಆಡಲಿಲ್ಲ. ಮಂದಿ ಅವನನ್ನು ಮೊದಲಿಗಿಂತ ಹೆಚ್ಚು ಹೊಗಳಿದರು. ಪುಕ್ಕಟೆ ಕೆಲಸ ಮಾಡುವ ಮೆಕ್ಯಾನಿಕ್ಕನ್ನು ಭೂಮಿಯ ಮೇಲೆ ಯಾರು ಕಂಡಿದ್ದಾರೆ? "ಅಂಬರೀಷನಂಥವರು ಇರ್ತಾರ, ನಿಮ್ಮಂಥವರೂ ಇರ್ತೀರಿ" ಎಂದ ಹುಲಸೂರಿನ ಜೀಪಿನವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ದೇವಿದಾಸ ಸುಮ್ಮಸುಮ್ಮನೆ ಕೈ ಒರೆಸಿಕೊಂಡ.

ಒಂಬತ್ತನೆಯ ಗಾಡಿ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ. ದ್ರೌಪತಿ ರೊಟ್ಟಿ ಬಡಿಯುತ್ತಿದ್ದಳು. ಕುಲ್ಸುಮ್ ಬೀಯ ಮನೆಯಿಂದ ಬಂದ ದಿನವೇ ಅವಳಿಗೆ ಎಲ್ಲ ಹೇಳಿದ್ದ. ಹೆಂಡತಿಗೆ ಹೇಳಿದರೆ ಅರ್ಧ ಭಾರ ಇಳಿಯುತ್ತದೆ ಎಂದು ಗಂಡಸರು ತಿಳಿದಿರುತ್ತಾರೆ. ಇಳಿದದ್ದು ಎಲ್ಲಿಗೆ ಹೋಯಿತು ಎಂದು ನೋಡುವುದಿಲ್ಲ.

"ಎಲ್ಲಾ ಮುಗೀತು. ಇನ್ನ ಯಾವ ಗಾಡಿಗೂ ಧೋಕಾ ಇಲ್ಲ" ಎಂದ.

ದ್ರೌಪತಿ ಹಿಟ್ಟಿನ ಕೈ ನಿಲ್ಲಿಸಿದಳು. "ಗಾಡಿ ಉಳಿಸಿದಿ. ಮನುಷ್ಯಾಗ ಏನು ಮಾಡಿದಿ?"

"ಯಾರಿಗಿ?"

"ಯಾರಿಗಿ ಅಂತ ಕೇಳತಿ ಮತ್ತ. ಅಂಬರೀಷ ಶೆಡ್ಡು ಬಿಡಾಕತ್ತಾನ. ಅವನ ಹೇಣ್ತಿ ನಿನ್ನೆ ನಳದ ಹತ್ರ ಹೇಳಿದ್ಳು. ನಾಳೆ ಸಾಮಾನು ಹೇರಿಕೊಂಡು ಜಹೀರಾಬಾದಕ್ಕ ಹೋಗ್ತಾರಂತ. ಅಲ್ಲಿ ಯಾರಿಗೂ ಅವನ ಹೆಸರು ಗೊತ್ತಿಲ್ಲಂತ, ಅದಕ್ಕ." ಅವಳು ಕೈಗೆ ಮೆತ್ತಿದ ಹಿಟ್ಟು ಉಜ್ಜಿದಳು. "ನನ್ನ ಮುಂದ ಅತ್ತಳು. ನಾ ಏನು ಹೇಳಲಿ? ನನ್ನ ಬಾಯಾಗ ಮಣ್ಣು ತುಂಬಿದಂಗ ಆಗಿತ್ತು."

ದೇವಿದಾಸ ಮುಂದಿದ್ದ ಖಾಲಿ ತಾಟನ್ನು ಪಕ್ಕಕ್ಕೆ ಸರಿಸಿದ.

"ನಿಮ್ಮಪ್ಪಗ ಅಕ್ಷರ ಬರ್ತಿದ್ದಿಲ್ಲ" ಎಂದಳು ದ್ರೌಪತಿ, ರೊಟ್ಟಿಯನ್ನು ಹೆಂಚಿಗೆ ಹಾಕುತ್ತ. "ನಿನಗ ಬರತಾವ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ದೇವಿದಾಸನ ಹತ್ತಿರ ಇದ್ದದ್ದೇ ಆ ಮಾನ, ಬೇರೆ ಆಸ್ತಿಯಿಲ್ಲ. ಬೇರೆ ಗ್ಲಾಸಿನಲ್ಲಿ ಚಹಾ ಕುಡಿದ ಕೇರಿಯಿಂದ ಬಂದವನ ಹೆಬ್ಬೆಟ್ಟನ್ನು ಸಾಹುಕಾರರು ತಮ್ಮ ಗಾಡಿಯ ಮೇಲೆ ಕೇಳಿ ಒತ್ತಿಸಿಕೊಳ್ಳುತ್ತಿದ್ದರು. ಅದನ್ನು ಕೈಯಾರೆ ಕಳೆದುಕೊಳ್ಳುವುದೆಂದರೆ ಸುಲಭವೇ? ನನಗೂ ಸುಲಭವಲ್ಲ, ನಿಮಗೂ ಅಲ್ಲ. ಅವನು ರೊಟ್ಟಿಗೆ ಕೈ ಹಚ್ಚದೆ ಎದ್ದು ಹುಮನಾಬಾದಿನ ಬಸ್ಸು ಹಿಡಿದ.

ಓಂಪ್ರಕಾಶ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದ. ಹಿಂದೆ ಆಳು ಒಬ್ಬ ಬಟ್ಟೆ ಕತ್ತರಿಸುತ್ತಿದ್ದ, ಸೊಟ್ಟಗೆ. ದೇವಿದಾಸ ನಿಂತೇ ಹೇಳಿದ. ಅರಗು, ಸ್ಪಿರಿಟ್ಟು, ಕರಗಿದ ಹೆಬ್ಬೆಟ್ಟು, ಒರೆಸಿದ ಹತ್ತಿ, ಎಲ್ಲ. ಓಂಪ್ರಕಾಶ ಅಂಟಿದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದ.

"ನಿಮಗ ಆವತ್ತು ಗೊತ್ತಿತ್ತೇನು?"

"ಇಲ್ಲರಿ. ಗೊತ್ತಾಗಿ ಮೂರು ವಾರ ಆತು."

"ಮೂರು ವಾರ" ಎಂದ ಓಂಪ್ರಕಾಶ. "ಹೋದ ವಾರನೂ ನಾ ಇಲ್ಲಿ ಕುಂತು ಅಂಬರೀಷಗ ಬೈದೀನಿ. ಗಿರಾಕಿ ಮುಂದ, ಅವನ ತಾಯಿ ತನಕ ಬೈದೀನಿ. ಅದನ್ನ ನಾ ಈಗ ಯಾರಿಗಿ ವಾಪಸ್ ಕೊಡಲಿ?"

ಕೈಗಾಗಿ ಬೈದಿದ್ದರೆ ದೇವಿದಾಸ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಣ್ಣು ತುಂಬಿದವು. ಓಂಪ್ರಕಾಶ ಕೂಡು ಎನ್ನಲಿಲ್ಲ, ಚಹಾ ತರಿಸಲಿಲ್ಲ. ಆದರೆ ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಠಾಣೆಗೆ ನಡೆದ.

ಠಾಣೆಯಲ್ಲಿ ಅದೇ ಜಮಾದಾರರಿದ್ದರು. ಮೊದಲು ನಕ್ಕರು. ಮುಗಿದುಹೋದ ಕಾಗದ, ಯಾರೂ ಕೇಳದ್ದನ್ನು ಯಾಕೆ ಕೆದಕುತ್ತೀರಿ ಎಂದರು. ಇಬ್ಬರೂ ಏಳದ್ದನ್ನು ಕಂಡು ಕೊನೆಗೆ ಹೊಸ ಹೇಳಿಕೆ ಬರೆದುಕೊಂಡರು. ಬೆಂಕಿಗೆ ಕಾರಣ ವೈರಿಂಗ್ ಅಲ್ಲ, ಪೆಟ್ರೋಲ್ ಜೋಡಣೆಗೆ ನಾನು ಹಚ್ಚಿದ ಅರಗು ಕರಗಿ ಸೋರಿದ್ದು. ಮೊದಲು ಹೇಳಿದ್ದು ನನ್ನ ತಪ್ಪು. ಅಂಬರೀಷನ ಕೆಲಸದಲ್ಲಿ ದೋಷವಿಲ್ಲ.

"ಸಹಿ ಹಾಕ್ರಿ."

ದೇವಿದಾಸ ಸಹಿ ಹಾಕಿದ. ಆಮೇಲೆ, "ಶಾಯಿ ಡಬ್ಬಿ ಕೊಡ್ರಿ" ಎಂದ.

"ಸಹಿ ಬರತದಲ್ಲ ನಿಮಗ, ಹೆಬ್ಬೆಟ್ಟು ಯಾಕ?"

"ಬರತದ್ರಿ. ಆದರ ಗಾಡಿ ಮ್ಯಾಲ ನಾ ಒತ್ತಿದ್ದು ಇದನ್ನ."

ಅಪ್ಪನ ಮಾತು ಮೀರಿ, ಹುಟ್ಟಿದಾಗಿನಿಂದ ಮೊದಲ ಸಲ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ. ನೀಲಿಯಾಗಿ, ಒಂದೂ ಗೆರೆ ಅಳಿಯದೆ ಮೂಡಿತು. ಅದರ ಝೆರಾಕ್ಸ್ ಮಾಡಿಸಿಕೊಂಡು ಕೊನೆಯ ಬಸ್ಸಿಗೆ ಮನೆಗೆ ಬಂದ.

ಬೆಳಿಗ್ಗೆ ಬಂಗ್ಲಾಕ್ಕೆ ಹೋದಾಗ ಅಂಬರೀಷನ ಶೆಡ್ಡು ಖಾಲಿಯಾಗಿತ್ತು. ಟೆಂಪೋದಲ್ಲಿ ಬ್ಯಾಟರಿ ಚಾರ್ಜರು, ತಂತಿಯ ಸುರುಳಿಗಳು, ಆ ಸ್ಟೂಲು. ಡ್ರೈವರ್ ಬಾಜು ಹೆಂಡತಿ ಮಕ್ಕಳು ಹತ್ತಿ ಕುಳಿತಿದ್ದರು, ಎಂಜಿನ್ ಚಾಲೂ ಇತ್ತು. ದೇವಿದಾಸ ಕಾಗದ ಚಾಚಿದ. ಅಂಬರೀಷ ನಿಂತಲ್ಲೇ ಓದಿದ. ಇನ್ನೊಮ್ಮೆ ಓದಿದ.

"ನಾಕು ತಿಂಗಳಾತು, ಕಾಕಾ" ಎಂದ. "ರಾತ್ರಿ ಎದ್ದೆದ್ದು ಆ ಗಾಡಿ ವೈರಿಂಗ್ ಮನಸ್ಸಿನಾಗ ಬಿಚ್ಚೀನಿ, ಕಟ್ಟೀನಿ. ಎಲ್ಲಿ ತಪ್ಪೀನಿ ಅಂತ. ಕಡೀಕ ತಪ್ಪೇ ಇರಬೇಕು ಅಂತ ನಂಬೀನಿ."

"ಹೋಗಬ್ಯಾಡ ತಮ್ಮಾ. ಸಾಮಾನು ಇಳಸು."

"ಅಲ್ಲಿ ಜಾಗ ಹಿಡದು ಆಗ್ಯಾದ." ಅಂಬರೀಷ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟುಕೊಂಡ. "ಇದು ನನ್ನ ಕಡಿ ಇರಲಿ. ಆದರ ಇಲ್ಲಿ ಮಂದಿ ಕಾಗದ ಓದಿ ನನ್ನ ಬಿಟ್ಟಿಲ್ಲ. ನೀವು ಬಾಯಿಲೆ ಹೇಳಿದ್ದು ಕೇಳಿ ಬಿಟ್ಟಾರ. ಅದನ್ನ ಬಾಯಿಲೇ ತಗೋರಿ."

ರಸ್ತೆಯಾಚೆ ಚಹಾದಂಗಡಿಯಲ್ಲಿ ಬೆಳಗಿನ ಮಂದಿ ಸೇರಿದ್ದರು. ಬಣ್ಣದವರು, ಪಾಟಾದವರು, ಲಾರಿ ಡ್ರೈವರುಗಳು. ಮೇ ತಿಂಗಳಲ್ಲಿ ಕೇಳಿದ ಅದೇ ಮಂದಿ. ದೇವಿದಾಸ ರಸ್ತೆ ದಾಟಿದ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು, ಅವನು ಕೂಡಲಿಲ್ಲ.

"ಓಂಪ್ರಕಾಶನ ಗಾಡಿ ಸುಟ್ಟಿದ್ದು ವೈರಿಂಗಿಲೆ ಅಲ್ಲ" ಎಂದ.

ಲಾರಿಯೊಂದು ಹಾರ್ನ್ ಬಾರಿಸುತ್ತ ಹಾದುಹೋಯಿತು. "ಏನಂದ್ರಿ ಕಾಕಾ?" ಎಂದು ಯಾರೋ ಕೈಯಲ್ಲಿ ಬಶಿ ಹಿಡಿದುಕೊಂಡೇ ಕೇಳಿದರು.

ದೇವಿದಾಸ ನೀಲಿ ಮೆತ್ತಿದ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಿಗಿದುಕೊಂಡು, ಹೆದ್ದಾರಿಯ ಸದ್ದಿಗಿಂತ ಮೇಲೆ ಕೇಳುವಂತೆ ಕೂಗಿ ಹೇಳಿದ.

"ವೈರಿಂಗ್ ಅಲ್ಲ! ನನ್ನ ಅರಗು ಕರಗಿ ಸುಟ್ಟದ. ಅಂಬರೀಷಂದು ಏನೂ ತಪ್ಪಿಲ್ಲ. ನಂದು!"

ಬಶಿ ಹಿಡಿದವನು ಅದನ್ನು ಬೆಂಚಿನ ಮೇಲೆ ಇಟ್ಟ. ದೇವಿದಾಸನ ಬೆನ್ನ ಹಿಂದೆ, ರಸ್ತೆಯಾಚೆ, ಟೆಂಪೋ ಹೊರಟ ಸದ್ದು ಕೇಳಿತು.